ಸರದಿರಾಯರ ಎರಡು ಗ್ಯಾಲಕ್ಸಿಗಳು

ಕೊಟ್ಟ ಮಾತಿಗಾಗಿ ರಾಜ್ಯ ಬಿಟ್ಟವರು ಲೋಕದಲ್ಲಿ ಹಲವರಿದ್ದಾರೆ. ಹಟಕ್ಕಾಗಿ ರಾಜ್ಯ ಕಳೆದುಕೊಂಡವರು ಅದಕ್ಕಿಂತ ಹೆಚ್ಚು. ಆದರೆ ಸರದಿಗಾಗಿ ಸ್ವಂತ ಮದುವೆಯಲ್ಲಿ ಹೆಂಡತಿಯನ್ನು ಒಂದು ಗಂಟೆ ವೇದಿಕೆಯ ಮೇಲೆ ಒಂಟಿಯಾಗಿ ನಿಲ್ಲಿಸಿದ ವೀರ ಒಬ್ಬರೇ, ನಮ್ಮ ಸರದಿರಾಯರು.

ನಡೆದದ್ದು ಇಷ್ಟು. ಮದುಮಗ ಬೆವರು ಒರೆಸಿಕೊಳ್ಳಲೆಂದು ಸಭಾಂಗಣದ ಹೊರಗೆ ಹೋಗಿ ಮರಳಿ ಬರುವಷ್ಟರಲ್ಲಿ, ದಂಪತಿಗಳಿಗೆ ಶುಭ ಕೋರುವವರ ಸಾಲು ಬಾಗಿಲಿನವರೆಗೂ ಬೆಳೆದಿತ್ತು. ಸಾಲು ಕಂಡ ಕಾಲು ತಾನಾಗಿಯೇ ಅದರ ಬಾಲಕ್ಕೆ ಹೋಗಿ ನಿಂತಿತು. ಯಾರೋ ಬೆನ್ನು ತಟ್ಟಿ, "ರೀ, ಮದುಮಗ ನೀವೇ ಕಣ್ರೀ, ಮುಂದೆ ಹೋಗಿ" ಅಂದರು. "ಇವರೆಲ್ಲ ನನಗಿಂತ ಮುಂಚೆ ಬಂದು ನಿಂತಿದ್ದಾರಲ್ಲ" ಎಂದು ರಾಯರು ಕದಲಲಿಲ್ಲ. ಕೊನೆಗೆ ವೇದಿಕೆ ತಲುಪಿದಾಗ ಮದುಮಗಳು ಕೈ ಮುಗಿದು, "ಬಂದಿದ್ದು ತುಂಬಾ ಸಂತೋಷ. ಊಟ ಮಾಡ್ಕೊಂಡೇ ಹೋಗಿ" ಅಂದಳಂತೆ. ಹೆಂಡತಿ ಹೇಳುವಾಗ ಆ ಸಾಲಿನಲ್ಲಿ ಎಂಬತ್ತು ಜನ. ಆಫೀಸಿನಲ್ಲಿ ಹೇಳುವಾಗ ಮುನ್ನೂರು. ಕ್ಷೌರದಂಗಡಿಯಲ್ಲಿ ಕೇಳಿದರೆ, ರಾಯರು ವೇದಿಕೆ ಹತ್ತುವಷ್ಟರಲ್ಲಿ ಅವರಿಗೆ ಎರಡು ದಿನದ ಗಡ್ಡ ಬೆಳೆದಿತ್ತು.

ಇಂಥವರಿಗೆ ತಕ್ಕ ಉದ್ಯೋಗವನ್ನು ವಿಧಿಯೇ ಹುಡುಕಿಕೊಟ್ಟಿರಬೇಕು. ನಕ್ಷತ್ರ, ಗ್ಯಾಲಕ್ಸಿಗಳನ್ನು ಅಧ್ಯಯನ ಮಾಡುವ ಒಂದು ಸಂಸ್ಥೆಯ ನೆಲಮಾಳಿಗೆಯಲ್ಲಿ ಸೂಪರ್‌ಕಂಪ್ಯೂಟರ್ ಒಂದಿತ್ತು. ಬೀರುವಿನಂಥ ಚೌಕಟ್ಟುಗಳಲ್ಲಿ ಪೇರಿಸಿಟ್ಟ ಇನ್ನೂರು ಕಪ್ಪು ಪೆಟ್ಟಿಗೆಗಳು. ಒಂದೊಂದೂ ಒಂದೊಂದು ಕಂಪ್ಯೂಟರು, ಎಲ್ಲವೂ ಸೇರಿ ಒಂದೇ ಲೆಕ್ಕ ಮಾಡಬಲ್ಲವು. ಗಾತ್ರ ದೊಡ್ಡದು, ಗದ್ದಲ ದೊಡ್ಡದು, ಸ್ವಲ್ಪ ಸೆಕೆಯಾದರೂ ಮುನಿಸಿಕೊಂಡು ಮಾತು ಬಿಡುತ್ತಿತ್ತು. ಅದಕ್ಕೇ ಎಲ್ಲರೂ ಅದನ್ನು ದೊಡ್ಡಪ್ಪ ಎಂದು ಕರೆಯುತ್ತಿದ್ದರು. ನಕ್ಷತ್ರವನ್ನು ಕಿತ್ತು ಮೇಜಿನ ಮೇಲಿಟ್ಟು ನೋಡಲಾಗದು. ಅದು ಮುದಿಯಾಗುವುದನ್ನು ನೋಡುತ್ತಾ ಕೂರೋಣವೆಂದರೆ ನೂರಾರು ಕೋಟಿ ವರ್ಷ ರಜೆ ಹಾಕಬೇಕು. ಹಾಗಾಗಿ ವಿಜ್ಞಾನಿಗಳು ದೊಡ್ಡಪ್ಪನ ಹೊಟ್ಟೆಯೊಳಗೇ ನಕ್ಷತ್ರಗಳನ್ನು ಹುಟ್ಟಿಸಿ, ಗುರುತ್ವದ ನಿಯಮ ಕೊಟ್ಟು, ಅನಿಲ ತುಂಬಿ, "ಹೂಂ, ನಡಿ" ಎಂದು ಬಿಡುತ್ತಿದ್ದರು. ಹೊರಗೆ ಒಂದು ವಾರ ಕಳೆಯುವಷ್ಟರಲ್ಲಿ ಒಳಗೆ ಕೋಟ್ಯಂತರ ವರ್ಷ ಉರುಳುತ್ತಿದ್ದವು.

ದೊಡ್ಡಪ್ಪ ಒಬ್ಬನೇ, ಬ್ರಹ್ಮಾಂಡ ಕಟ್ಟುವವರು ನೂರು ಮಂದಿ. ನನಗೆ ಇಷ್ಟು ಪೆಟ್ಟಿಗೆ ಬೇಕು, ಇಷ್ಟು ಗಂಟೆ ಬೇಕು ಎಂದು ಪ್ರತಿಯೊಬ್ಬರೂ ಬೇಡಿಕೆ ಸಲ್ಲಿಸಬೇಕು. ಆ ಬೇಡಿಕೆಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಆ ಸಾಲಿನ ದ್ವಾರಪಾಲಕರೇ ಸರದಿರಾಯರು. ಒಂದೇ ಒಂದು ಸಾಲಿನ ಆಜ್ಞೆ ಟೈಪು ಮಾಡಿದರೆ ಯಾರ ಬೇಡಿಕೆಯನ್ನಾದರೂ ಮುಂದಕ್ಕೆ ತಳ್ಳುವ ಬ್ರಹ್ಮಾಸ್ತ್ರ ಅವರ ಬೆರಳ ತುದಿಯಲ್ಲಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವರು ಅದನ್ನು ಒಮ್ಮೆಯೂ ಪ್ರಯೋಗಿಸಿರಲಿಲ್ಲ. ಯಾರೋ ದೊಡ್ಡ ಅತಿಥಿಗೆ ತೋರಿಸಬೇಕೆಂದು ನಿರ್ದೇಶಕರೇ ಒಮ್ಮೆ ಬಂದು, "ನನ್ನದನ್ನ ಸ್ವಲ್ಪ ಮುಂದೆ ಹಾಕ್ತೀರಾ?" ಎಂದು ಕೇಳಿದ್ದರು. ರಾಯರು ಪರದೆ ನೋಡಿ, "ನೀವು ಹದಿನೇಳನೆಯವರು ಸಾರ್. ಕುರ್ಚಿ ತರಿಸ್ಲಾ?" ಅಂದರು.

ಹಾಗೆಂದು ಅವರು ಕಲ್ಲುಹೃದಯಿ ಅಲ್ಲ. ಪ್ರತಿ ಮಂಗಳವಾರ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಅವರ ಕೋಣೆಯ ಬಾಗಿಲು ತೆರೆದಿರುತ್ತಿತ್ತು. ಹೊರಗೆ ಬೆಂಚು, ಒಳಗೆ ರಾಯರು. ಯಾರು ಬೇಕಾದರೂ ಬಂದು ತಮ್ಮ ಕಷ್ಟ ಹೇಳಿಕೊಳ್ಳಬಹುದು. ಕಷ್ಟ ನೂರು ಬಗೆಯದಾದರೂ ರೋಗ ಒಂದೇ: ಎಲ್ಲರೂ ಬೇಕಾದ್ದಕ್ಕಿಂತ ಹೆಚ್ಚು ಕೇಳುತ್ತಿದ್ದರು. ನಿಯಮದ ಪ್ರಕಾರ ಒಮ್ಮೆಗೆ ಕೇಳಬಹುದಾದದ್ದು ಗರಿಷ್ಠ ನಲವತ್ತೆಂಟು ಗಂಟೆ. ಕೇಳಿದ ಸಮಯ ಮುಗಿದರೆ ದೊಡ್ಡಪ್ಪ ಮುಲಾಜಿಲ್ಲದೆ ಲೆಕ್ಕವನ್ನು ಅರ್ಧಕ್ಕೇ ಕತ್ತು ಹಿಡಿದು ಹೊರದಬ್ಬುತ್ತಾನೆ. ಆ ಭಯಕ್ಕೆ ಆರು ಗಂಟೆಯ ಕೆಲಸವಿದ್ದವರೂ ನಲವತ್ತೆಂಟು ಕೇಳುತ್ತಿದ್ದರು. ಅವರಿಗೆಲ್ಲ ರಾಯರ ಮೀಸೆ ಸಿದ್ಧಾಂತದ ಉಪದೇಶವಾಗುತ್ತಿತ್ತು.

"ಕ್ಷೌರದಂಗಡೀಲಿ ಹತ್ತು ಕುರ್ಚಿ ಅಂತಿಟ್ಕೊಳಿ. ಹತ್ತು ಜನರ ಒಂದು ಗುಂಪು ಬಂದಿದೆ. 'ನಾವು ಕೂತರೆ ಒಟ್ಟಿಗೇ ಕೂರೋದು' ಅಂತಾರೆ. ಸರಿ, ಸರದಿ ಅವರದ್ದೇ. ಆದರೆ ಒಂದೊಂದೇ ಕುರ್ಚಿ ಖಾಲಿಯಾಗ್ತಾ ಬರ್ಬೇಕಲ್ಲ? ಹತ್ತನೇ ಕುರ್ಚಿಯವನ ತಲೆಗೆ ಬಣ್ಣ ಮೆತ್ತಿದ್ದಾರೆ, ಅವನು ಏಳೋಕೆ ಇನ್ನೂ ಅರ್ಧ ಗಂಟೆ. ಅಲ್ಲಿವರೆಗೆ ಒಂಬತ್ತು ಕುರ್ಚಿ ಸುಮ್ಮನೆ ಖಾಲಿ. ಆಗ ಸಾಲಿನ ಕೊನೇಲಿರೋ ಒಬ್ಬ, 'ನಂದು ಬರೀ ಮೀಸೆ ಟ್ರಿಮ್, ಹತ್ತೇ ನಿಮಿಷ' ಅಂದ್ರೆ ಅಂಗಡಿಯವನು ಕೂರಿಸ್ತಾನೆ. ಯಾರ ಸರದಿಯೂ ಒಂದು ನಿಮಿಷ ಹಿಂದೆ ಹೋಗಲ್ಲ. ಆದರೆ ನೀವು ಮೀಸೆಗೆ ಬಂದು 'ನಂಗೆ ಎರಡು ದಿನ ಬೇಕು' ಅಂದ್ರೆ? ಹೊರಗೇ ಕೂತಿರಿ. ದೊಡ್ಡಪ್ಪನೂ ಅಷ್ಟೇ. ಸಂದು ಸಿಕ್ಕಾಗ ಚಿಕ್ಕವರನ್ನ ತಾನೇ ಕರೀತಾನೆ. ನೀವು ಚಿಕ್ಕವರಾಗ್ಬೇಕು."

ಈ ಉಪದೇಶ ಕೇಳಿ ಉದ್ಧಾರವಾದವರು ಹಲವರು. ಕೇಳದೆ ಉಳಿದವಳು ಒಬ್ಬಳಿದ್ದಳು, ಅವರ ಅಕ್ಕನ ಮಗಳು.

ಅಕ್ಕನ ಮಗಳು ಅದೇ ಸಂಸ್ಥೆಯಲ್ಲಿ ಐದು ವರ್ಷದಿಂದ ಸಂಶೋಧನೆ ಮಾಡುತ್ತಿದ್ದಳು. ಎರಡು ಗ್ಯಾಲಕ್ಸಿಗಳು ಡಿಕ್ಕಿ ಹೊಡೆದು ಒಂದಾಗುವುದು ಅವಳ ವಿಷಯ. ಅವಳು ಸೇರಿದ ದಿನವೇ ರಾಯರು ತಮ್ಮ ಸುತ್ತ ಲಕ್ಷ್ಮಣರೇಖೆ ಎಳೆದುಕೊಂಡಿದ್ದರು. ಮಾವ ಸೊಸೆಗೆ ಸರದಿ ತಪ್ಪಿಸಿ ಕೊಟ್ಟ ಎಂಬ ಮಾತು ಒಂದು ನಾಲಿಗೆಯ ಮೇಲೂ ಬರಬಾರದು. ಕ್ಯಾಂಟೀನಿನಲ್ಲಿ ಅವಳಿಂದ ಮೂರು ಮೇಜು ದೂರ ಕೂರುತ್ತಿದ್ದರು. ಮೆಟ್ಟಿಲ ಬಳಿ ಎದುರಾದರೆ ಲಿಫ್ಟಿನ ಕಡೆ ತಿರುಗುತ್ತಿದ್ದರು. ಒಮ್ಮೆ ಲಿಫ್ಟಿನಲ್ಲೇ ಅವಳು ಸಿಕ್ಕಾಗ ಮಾವ ಮೂರು ಮಹಡಿಯವರೆಗೂ ಅಗ್ನಿಶಾಮಕ ಸೂಚನೆಗಳನ್ನು ಓದಿದರು.

ಹೀಗಿರಲು ದೊಡ್ಡಪ್ಪನಿಗೆ ನಿವೃತ್ತಿ ಘೋಷಣೆಯಾಯಿತು. ಮುಂದಿನ ವಾರ ಬಿಟ್ಟು ಅದರಾಚೆಯ ಗುರುವಾರ ಮಧ್ಯಾಹ್ನ ಒಂದಕ್ಕೆ ವಿದ್ಯುತ್ ತೆಗೆಯುತ್ತಾರೆ. ಹೊಸ ಯಂತ್ರ ಬರಲು ಹತ್ತು ತಿಂಗಳು ಬೇಕು. ಅಕ್ಕನ ಮಗಳು ಪ್ರಬಂಧ ಒಪ್ಪಿಸಲು ಉಳಿದಿರುವುದು ಮೂರೇ ತಿಂಗಳು. ಅವಳ ಗ್ಯಾಲಕ್ಸಿಗಳಿಗೆ ಮುನ್ನೂರು ಕೋಟಿ ವರ್ಷದ ಕಥೆಯಿತ್ತು, ಇನ್ನೂರ ಅರವತ್ತು ಕೋಟಿ ಮುಗಿದಿತ್ತು. ಒಮ್ಮೆ ಹಾದುಹೋಗಿ, ಒಂದರ ಬಾಲ ಒಂದು ಎಳೆದು, ಮುನಿಸಿಕೊಂಡ ಗಂಡಹೆಂಡಿರಂತೆ ದೂರ ಸರಿದು, ಈಗ ಮತ್ತೆ ಪರಸ್ಪರರತ್ತ ತಿರುಗಿದ್ದವು. ಅವು ಒಂದಾಗುವುದನ್ನು ನೋಡಲು ಅವಳಿಗೆ ಇನ್ನು ಅರವತ್ತು ಗಂಟೆ ದೊಡ್ಡಪ್ಪ ಬೇಕಿತ್ತು. ಸಾಲಿನಲ್ಲಿ ಅವಳು ಮೂವತ್ತೊಂದನೆಯವಳು. ಅವಳ ಮುಂದೆ, ನಕ್ಷತ್ರದ ಮೇಷ್ಟ್ರೆಂದೇ ಹೆಸರಾದ ಹಿರಿಯ ವಿಜ್ಞಾನಿ ಕೂತಿದ್ದರು. ಅವರು ಒಂದು ಮುದಿ ನಕ್ಷತ್ರವನ್ನು ಸ್ಫೋಟಿಸಲು ಇನ್ನೂರಕ್ಕೆ ಇನ್ನೂರೂ ಪೆಟ್ಟಿಗೆ ಕೇಳಿದ್ದರು. ಆ ಸ್ಫೋಟ ಅದೇ ಕೊನೆಯ ವಾರದ ಮಂಗಳವಾರ ಮಧ್ಯಾಹ್ನ ಒಂದಕ್ಕೆ ಶುರುವಾದರೆ ಮುಗಿಯುವುದು ದೊಡ್ಡಪ್ಪನ ಕೊನೆಯ ಉಸಿರಿನೊಂದಿಗೇ. ಅವರ ಹಿಂದಿದ್ದವರಿಗೆ ಸರದಿಯೇ ಇಲ್ಲ.

ಭಾನುವಾರ ಬೆಳಿಗ್ಗೆ ಅಕ್ಕ ತಮ್ಮನ ಮನೆಗೆ ದಂಡೆತ್ತಿ ಬಂದಳು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತೇ ಬೆಳೆಸಿದವಳು ಅವಳು. ಆ ಸೊಂಟವನ್ನು ಒಂದು ಕೈಯಿಂದ ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತಳು.

"ಒಂದು ಬಟನ್ ಒತ್ತಿದ್ರೆ ಆಗುತ್ತಂತೆ?"

"ಬಟನ್ ಅಲ್ಲ ಅಕ್ಕ. ಒಂದು ಸಾಲು ಟೈಪು ಮಾಡ್ಬೇಕು."

"ಒಂದು ಸಾಲು! ನಿನ್ನ ಬೆರಳು ಸವೆದುಹೋಗುತ್ತಾ? ಹುಡುಗಿ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ."

"ಅವಳ ಮುಂದೆ ಮೂವತ್ತು ಜನ ಇದ್ದಾರೆ. ಅವರ ಮನೇಲೂ ಅಮ್ಮಂದಿರಿದ್ದಾರೆ."

"ಓಹೋ! ನಿನಗೆ ಕೆಮ್ಮಾದಾಗ ಬೀದೀಲಿ ಎಷ್ಟು ಮಕ್ಕಳಿಗೆ ಕೆಮ್ಮಿತ್ತು? ಅವರೆಲ್ಲರ ಸರದಿ ಮುಗಿದ ಮೇಲೆ ನಿನ್ನನ್ನ ಎತ್ಕೊಂಡ್ನಾ ನಾನು?"

ರಾಯರು ಹೆಂಡತಿಯತ್ತ ದೈನ್ಯದಿಂದ ನೋಡಿದರು. ಹೆಂಡತಿ ಅತ್ತಿಗೆಗೆ ಚಹಾ ಕೊಡುತ್ತಾ, "ನನ್ನ ಕಡೆ ಏನ್ ನೋಡ್ತೀರಿ? ನಾನು ಕಾದಿದ್ದು ಒಂದು ಗಂಟೆ. ಆ ಹುಡುಗಿ ಐದು ವರ್ಷ ಕಾದಿದ್ದಾಳೆ" ಅಂದಳು.

ಎರಡು ಕಡೆಯಿಂದ ಮುತ್ತಿಗೆ ಬಿದ್ದರೂ ಕೋಟೆ ಬೀಳಲಿಲ್ಲ. ಆದರೆ ಗೋಡೆ ಬಿರುಕುಬಿಟ್ಟದ್ದು ಮಂಗಳವಾರ ಗೊತ್ತಾಯಿತು. ಊಟವಾದ ಮೇಲೆ ರಾಯರು ಬಾಗಿಲು ಮುಂದೆ ಮಾಡಿಕೊಂಡು ಕಂಪ್ಯೂಟರಿನ ಮುಂದೆ ಕೂತರು. ಇಪ್ಪತ್ತೆರಡು ವರ್ಷದಿಂದ ಬತ್ತಳಿಕೆಯಲ್ಲೇ ಇದ್ದ ಬ್ರಹ್ಮಾಸ್ತ್ರದ ಮೊದಲ ಅರ್ಧ ಸಾಲನ್ನು ಟೈಪು ಮಾಡಿದರು. ಒಂದೊಂದು ಅಕ್ಷರವೂ ಸುತ್ತಿಗೆಯ ಪೆಟ್ಟಿನಂತೆ ಕೇಳಿತು. ಉಳಿದರ್ಧಕ್ಕೆ ಅಕ್ಕನ ಮಗಳ ಬೇಡಿಕೆಯ ಸಂಖ್ಯೆ ಬೇಕಿತ್ತು. ಅದನ್ನು ಹುಡುಕಿದಾಗ, ಐದು ವರ್ಷದಲ್ಲಿ ಮೊದಲ ಬಾರಿಗೆ, ಅವಳ ಬೇಡಿಕೆ ಅವರ ಕಣ್ಣಿಗೆ ಬಿತ್ತು. ಅರವತ್ತು ಪೆಟ್ಟಿಗೆ. ನಲವತ್ತೆಂಟು ಗಂಟೆ. ಹಿಂದಿನದೂ ನಲವತ್ತೆಂಟು. ಅದರ ಹಿಂದಿನದೂ.

ಅಷ್ಟರಲ್ಲಿ ಮೂರು ಹೊಡೆಯಿತು. ರಾಯರು ಅರ್ಧ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸಿ ಬಾಗಿಲು ತೆರೆದರು. ಬೆಂಚಿನ ಮೇಲೆ ನಾಲ್ವರಿದ್ದರು. ನಾಲ್ಕನೆಯವಳು ಅಕ್ಕನ ಮಗಳು. ಐದು ವರ್ಷದಲ್ಲಿ ಅವಳು ಆ ಬೆಂಚಿನ ಮೇಲೆ ಕೂತದ್ದು ಅದೇ ಮೊದಲು.

ಮೊದಲ ಮೂವರಿಗೆ ರಾಯರು ಏನು ಹೇಳಿದರೆಂದು ಅವರಿಗೇ ನೆನಪಿಲ್ಲ. ಮೂರನೆಯವನು ಎದ್ದು ಹೋದ ಮೇಲೆ ಗಂಟಲು ಸರಿಮಾಡಿಕೊಂಡು ಕರೆದರು:

"ಮುಂದಿನವರು."

ಅವಳು ಬಂದು ಕೂತಳು. ಮುಖ ಬಿಗಿದಿತ್ತು.

"ಹೇಳಿ. ನಿಮ್ಮ ಸಮಸ್ಯೆ ಏನು?"

"ನನ್ನ ಸೋದರಮಾವ."

ರಾಯರು ಕನ್ನಡಕ ತೆಗೆದು, ನೋಡಿ, ಮತ್ತೆ ಹಾಕಿಕೊಂಡರು.

"ಕಂಪ್ಯೂಟರಿಗೆ ಸಂಬಂಧಪಟ್ಟಿದ್ದು ಹೇಳಿ."

"ಕಂಪ್ಯೂಟರಿಗೇ ಸಂಬಂಧಪಟ್ಟಿದ್ದು ಸಾರ್. ನಮ್ಮ ಮಾವ ಈ ಸಂಸ್ಥೇಲಿ ಎಲ್ಲರಿಗೂ ಸಲಹೆ ಕೊಡ್ತಾರೆ. ಪಕ್ಕದ ಮೇಜಿನವನಿಗೆ ಕೊಟ್ಟಿದ್ದಾರೆ. ಹೋದ ತಿಂಗಳು ಸೇರಿದವನಿಗೂ ಕೊಟ್ಟಿದ್ದಾರೆ, ಏನೋ ಮೀಸೆ ವಿಷಯವಂತೆ. ನನ್ನನ್ನ ಕಂಡ್ರೆ ಮಾತ್ರ ಲಿಫ್ಟಿನಲ್ಲಿ ಬೆಂಕಿ ಆರಿಸೋದು ಹೇಗೆ ಅಂತ ಓದ್ತಾರೆ. ನಾನು ಮುಂದೆ ಹಾಕು ಅಂತ ಕೇಳೋಕೆ ಬಂದಿಲ್ಲ. ಅಮ್ಮ ಬಂದಿದ್ದು ನನಗೆ ಗೊತ್ತೇ ಇರ್ಲಿಲ್ಲ. ಎಲ್ಲರಿಗೂ ಹೇಳೋದನ್ನ ನನಗೂ ಹೇಳಿ, ಅಷ್ಟೇ ಸಾಕು."

ನಿರ್ದೇಶಕರನ್ನು ಹದಿನೇಳನೆಯ ಸ್ಥಾನದಲ್ಲಿ ನಿಲ್ಲಿಸಿದ ವೀರರಿಗೆ, ಐದು ವರ್ಷದಿಂದ ತಾವೇ ಒಬ್ಬಳ ಸರದಿಯನ್ನು ತಪ್ಪಿಸಿದ್ದೇವೆಂಬುದು ಆಗ ಹೊಳೆಯಿತು. ಪಕ್ಷಪಾತವಾಗದಿರಲೆಂದು ಎಚ್ಚರ ವಹಿಸಿ, ಎಲ್ಲರಿಗೂ ಸಲ್ಲುವುದನ್ನು ಅವಳೊಬ್ಬಳಿಗೇ ಕೊಟ್ಟಿರಲಿಲ್ಲ. ಆದರೆ ತಪ್ಪೊಪ್ಪಿಗೆ ರಾಯರಿಗೆ ಬರುವ ಭಾಷೆಯಲ್ಲ. ಅವರು ಕುರ್ಚಿಯನ್ನು ಅವಳ ಕಡೆ ಎಳೆದುಕೊಂಡು, ಇಪ್ಪತ್ತೆರಡು ವರ್ಷದ ನಿಯಮ ಮುರಿದು ಏಕವಚನಕ್ಕೆ ಇಳಿದರು.

"ನಲವತ್ತೆಂಟು ಯಾಕೆ ಕೇಳ್ತೀಯ?"

"ಮಧ್ಯ ನಿಲ್ಲಿಸೋಕೆ ಭಯ ಮಾವ. ಎರಡನೇ ವರ್ಷ ಒಂದ್ಸಲ ನಿಲ್ಲಿಸಿ, ಆಮೇಲೆ ಅಲ್ಲಿಂದಲೇ ಮುಂದುವರಿಸೋಕೆ ಅಂತ ಆಗಿನ ಸ್ಥಿತಿ ಬರೆದಿಡೋಕೆ ಹೋದೆ. ಬರೀತಿರೋವಾಗ್ಲೇ ಸಮಯ ಮುಗೀತು. ಹೊಸ ಫೈಲು ಅರ್ಧಂಬರ್ಧ, ಹಳೇದರ ಮೇಲೇ ಬರೆದಿದ್ದೆ, ಅದೂ ಹೋಯ್ತು. ಎಂಟು ಕೋಟಿ ವರ್ಷ ನೀರಲ್ಲಿ ಹೋಮ."

"ಸ್ಥಿತಿ ಬರೆಯೋಕೆ ಎಷ್ಟು ಹೊತ್ತು ಬೇಕು?"

"ಹನ್ನೊಂದು ನಿಮಿಷ."

"ಹಾಗಾದ್ರೆ ಐದು ಗಂಟೆ ಕೇಳು. ಮುಗಿಯೋಕೆ ಇಪ್ಪತ್ತು ನಿಮಿಷ ಇರೋವಾಗ ನಿಲ್ಲಿಸಿ ಬರಿ. ಒಂದ್ಸಲ ಈ ಫೈಲಿಗೆ, ಇನ್ನೊಂದ್ಸಲ ಆ ಫೈಲಿಗೆ. ಒಂದು ಕೆಟ್ಟರೂ ಇನ್ನೊಂದು ಇರುತ್ತೆ. ಹೀಗೆ ಹನ್ನೆರಡು ಸಲ."

"ಡಿಕ್ಕಿ ಹೊಡೀತಿರೋ ಗ್ಯಾಲಕ್ಸಿಗಳನ್ನ ಐದು ಗಂಟೆಗೊಮ್ಮೆ ನಿಲ್ಲಿಸ್ಲಾ?"

"ಯಾಕೆ, ಅವಕ್ಕೇನು ಬಸ್ಸು ತಪ್ಪಿಹೋಗುತ್ತಾ?"

ಅವಳು ನಕ್ಕಳು. ನಗು ಬಂದದ್ದೇ ಕಣ್ಣು ತುಂಬಿತು. ಅದನ್ನು ನೋಡದವರಂತೆ ರಾಯರು ಗೋಡೆಯ ಗಡಿಯಾರ ನೋಡಿ, "ನಾಲ್ಕು ಗಂಟೆ ಆಯ್ತು. ಸಮಯ ಮುಗೀತು" ಅಂದರು. ಆಮೇಲೆ ನಲವತ್ತು ನಿಮಿಷ ಅವಳ ಪಕ್ಕದಲ್ಲೇ ಕೂತು, ಅವಳ ಪ್ರೋಗ್ರಾಮಿನಲ್ಲಿ ಎರಡು ಫೈಲುಗಳ ಏರ್ಪಾಡನ್ನು ತಾಳೆ ನೋಡಿದರು. ಬೇಡಿಕೆ ಸಲ್ಲಿಸಿ ಅವಳಿನ್ನೂ ಬ್ಯಾಗು ಎತ್ತಿಕೊಂಡಿರಲಿಲ್ಲ, ಪರದೆಯ ಮೇಲೆ 'ಕಾಯುತ್ತಿದೆ' ಎಂಬುದು ಮಾಯವಾಗಿ 'ನಡೆಯುತ್ತಿದೆ' ಎಂದು ಬಂತು. ದೊಡ್ಡಪ್ಪ ಸಂದು ನೋಡಿ ಕೂರಿಸಿಕೊಂಡಿದ್ದ.

ಮುಂದಿನ ಆರು ದಿನ ಅಕ್ಕನ ಮಗಳು ಸಂದುಗೊಂದುಗಳ ಬೇಟೆಗಾರ್ತಿಯಾದಳು. ಯಾರೋ ನಲವತ್ತೆಂಟು ಕೇಳಿ ಒಂಬತ್ತಕ್ಕೇ ಮುಗಿಸಿ ಎದ್ದುಹೋದರೆ ಅಲ್ಲಿ ಅವಳ ಐದು ಗಂಟೆ. ಯಾರದೋ ಲೆಕ್ಕ ಮೊದಲ ನಿಮಿಷದಲ್ಲೇ ಮುಗ್ಗರಿಸಿದರೆ ಅಲ್ಲೂ ಅವಳ ಐದು ಗಂಟೆ. ಗ್ಯಾಲಕ್ಸಿಗಳು ನಿಂತು ನಿಂತು, ಕಾಯಿಲೆಯಿಂದ ಎದ್ದ ಮುದುಕರಂತೆ ಹೆಜ್ಜೆಗೊಮ್ಮೆ ದಮ್ಮು ತೆಗೆದುಕೊಳ್ಳುತ್ತಾ, ಒಂದರ ಮಡಿಲಿಗೊಂದು ಬಿದ್ದವು. ಕ್ಯಾಂಟೀನಿನಲ್ಲಿ ಮಾವ ಈಗ ಮೂರು ಮೇಜು ದೂರ ಬಿಟ್ಟು ಒಂದೇ ಮೇಜು ದೂರ ಕೂರತೊಡಗಿದರು. ದಿನಾ ಒಂದೇ ಪ್ರಶ್ನೆ: "ಎಷ್ಟನೇದು?" ಏಳನೇದು. ಒಂಬತ್ತನೇದು. ಸೋಮವಾರ ಸಂಜೆ, ಹನ್ನೊಂದನೇದು.

ಮಂಗಳವಾರ ಬೆಳಿಗ್ಗೆ ಎಂಟು ನಲವತ್ತಕ್ಕೆ ಕೊನೆಯ ಸಂದು ತೆರೆಯಿತು. ಮೇಷ್ಟ್ರ ಸ್ಫೋಟಕ್ಕಾಗಿ ಪೆಟ್ಟಿಗೆಗಳು ಒಂದೊಂದೇ ಖಾಲಿಯಾಗಿ ನಿಲ್ಲತೊಡಗಿದ್ದವು. ಒಂದು ಗಂಟೆಗೆ ಇನ್ನೂರೂ ಅವರದು. ನಡುವೆ ಉಳಿದದ್ದು ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಅವಳಿಗೆ ಬೇಕಾದದ್ದು ಐದು.

"ನಾಲ್ಕೂ ಕಾಲು ಕೇಳ್ತೀನಿ" ಅಂದಳು. "ಆದರೆ ಈಗ ಎರಡರ ನಡುಭಾಗವೂ ಒಂದರೊಳಗೊಂದು ಸೇರಿದೆ. ಅಲ್ಲಿ ನಕ್ಷತ್ರಗಳು ಎಷ್ಟು ದಟ್ಟ ಅಂದ್ರೆ, ಲೆಕ್ಕ ಇರುವೆ ಹೆಜ್ಜೆ ಇಡುತ್ತೆ. ಮುಗಿಯುತ್ತೋ ಇಲ್ವೋ ಗೊತ್ತಿಲ್ಲ. ಚಿತ್ರ ತೆಗೆಯೋದನ್ನ ಕಡಿಮೆ ಮಾಡಿದೀನಿ, ಸ್ವಲ್ಪ ಸಮಯ ಉಳಿಯುತ್ತೆ."

"ಕೇಳು."

ಕೇಳಿದಳು. ಶುರುವಾಯಿತು. ಪರದೆಯ ಮೇಲೆ ವರ್ಷಗಳು ಉದುರತೊಡಗಿದವು. ಇನ್ನೂರ ತೊಂಬತ್ತೇಳು ಕೋಟಿ. ರಾಯರು ಅಂದು ಕೋಣೆಯೊಳಗೆ ಕೂರಲಿಲ್ಲ. ಬೆಂಚಿನ ಮೇಲೆ, ಸಲಹೆ ಕೇಳಲು ಬಂದವರಂತೆ, ಸೊಸೆಯ ಪಕ್ಕದಲ್ಲಿ ಕೂತರು. ಅವಳ ಮಡಿಲಲ್ಲಿ ಲ್ಯಾಪ್‌ಟಾಪು. ಹನ್ನೊಂದರ ಹೊತ್ತಿಗೆ ಲೆಕ್ಕ ನಿಜಕ್ಕೂ ಇರುವೆಯಾಯಿತು. ಇನ್ನೂರ ತೊಂಬತ್ತೊಂಬತ್ತು ಕೋಟಿ. ಅವಳು ಹೆಬ್ಬೆರಳ ಉಗುರು ಮುಗಿಸಿ ತೋರುಬೆರಳಿಗೆ ಬಂದಳು. ನಕ್ಷತ್ರದ ಮೇಷ್ಟ್ರು ಎರಡು ಸಲ ಹಾದುಹೋಗಿ, ಎರಡು ಸಲವೂ, "ಒಂದು ಗಂಟೆಗೆ ಅಲ್ವಾ ರಾಯರೇ ನಮ್ದು?" ಎಂದು ಕೇಳಿದರು.

"ಒಂದಕ್ಕೇ ಮೇಷ್ಟ್ರೇ."

ಅವರು ಮರೆಯಾದ ಮೇಲೆ ಅವಳು ಪಿಸುಗುಟ್ಟಿದಳು: "ಮಾವ, ಮೇಷ್ಟ್ರನ್ನ ಹತ್ತು ನಿಮಿಷ ತಡೀರಿ ಅಂತ ಕೇಳ್ಲಾ? ಒಳ್ಳೆಯವರು. ಹೂಂ ಅಂತಾರೆ."

"ಕೇಳ್ಬೇಡ. ಅವರು ಹೂಂ ಅಂದ್ರೂ ನಾನು ಊಹೂಂ ಅಂತೀನಿ. ಆಮೇಲೆ ನಿಮ್ಮಮ್ಮನಿಗೆ ನಾನು ಮುಖ ತೋರಿಸೋ ಹಾಗಿಲ್ಲ."

ಇಷ್ಟು ಹೇಳಿ ಅವರು ಎದ್ದು ಹೋಗಿ ತಮ್ಮ ಊಟದ ಡಬ್ಬಿ ತಂದು, ಮುಚ್ಚಳದಲ್ಲಿ ಅವಳಿಗೊಂದು ಪಾಲು ಹಾಕಿ ಕೊಟ್ಟರು. "ಉಗುರಲ್ಲಿ ಸತ್ವ ಇರಲ್ಲ. ಇದನ್ನ ತಿನ್ನು." ಐದು ವರ್ಷದಲ್ಲಿ ಮಾವ ಆಫೀಸಿನೊಳಗೆ ಅವಳಿಗೆ ಕೊಟ್ಟ ಮೊದಲ ವಸ್ತು ಅದು. ಅವಳು ಪರದೆಯಿಂದ ಕಣ್ಣು ತೆಗೆಯದೆ, ಏನು ತಿನ್ನುತ್ತಿದ್ದೇನೆಂದು ತಿಳಿಯದೆ, ಎಲ್ಲವನ್ನೂ ತಿಂದಳು. ರಾಯರು ತಮ್ಮ ಪಾಲನ್ನೂ ಮುಚ್ಚಳಕ್ಕೆ ಜಾರಿಸಿದರು. ಅದನ್ನೂ ತಿಂದಳು.

ಇನ್ನೂರ ತೊಂಬತ್ತೊಂಬತ್ತೂವರೆ. ತೊಂಬತ್ತೊಂಬತ್ತೂ ಮುಕ್ಕಾಲು. ಗಡಿಯಾರ ಹನ್ನೆರಡೂವರೆ ದಾಟಿತು. ಒಮ್ಮೆಲೇ ಪರದೆ ತಾನು ಉದುರಿಸುತ್ತಿದ್ದ ವರ್ಷಗಳನ್ನು ನಿಲ್ಲಿಸಿತು. ಹನ್ನೊಂದು ನಿಮಿಷ ಕಳೆದ ಮೇಲೆ ಒಂದೇ ಒಂದು ಸಾಲು ಮೂಡಿತು: ಮುನ್ನೂರು ಕೋಟಿ, ಸ್ಥಿತಿ ಬರೆದಾಯಿತು, ಮುಗಿಯಿತು.

ಅವಳು ಕಿರುಚಿದ ಸದ್ದಿಗೆ ಕಾರಿಡಾರಿನ ಬಾಗಿಲುಗಳೆಲ್ಲ ತೆರೆದವು. ನಿರ್ದೇಶಕರು ಬಂದರು, ಮೇಷ್ಟ್ರು ಬಂದರು, ಮೀಸೆ ಸಿದ್ಧಾಂತದ ಶಿಷ್ಯರೆಲ್ಲ ಬಂದರು. ಅವಳು ಚಿತ್ರಗಳನ್ನೆಲ್ಲ ಪೋಣಿಸಿ ನಲವತ್ತು ಸೆಕೆಂಡಿನ ಸಿನಿಮಾ ಮಾಡಿ ರಾಯರ ಕೋಣೆಯ ದೊಡ್ಡ ಪರದೆಗೆ ಹಾಕಿದಳು. ಎರಡು ಬೆಳಕಿನ ಸುರುಳಿಗಳು ದೂರದಿಂದ ಬಂದವು. ತಾಗಿದವು, ಬಿಟ್ಟವು, ಉದ್ದನೆಯ ಬಾಲ ಬೀಸಿ ತಿರುಗಿದವು. ಮತ್ತೆ ಬಂದು, ಇನ್ನು ಬಿಡುವುದಿಲ್ಲ ಎಂಬಂತೆ ಒಂದರೊಳಗೊಂದು ಕರಗಿ, ದೊಡ್ಡದೊಂದು ಹೊನ್ನಿನ ಉಂಡೆಯಾಗಿ ನಿಂತವು. ನಿರ್ದೇಶಕರು ಇನ್ನೊಮ್ಮೆ ಹಾಕು ಎಂದು ಸನ್ನೆ ಮಾಡಿದರು. ಸ್ಫೋಟದ ಮೇಷ್ಟ್ರು ತಮ್ಮ ಒಂದು ಗಂಟೆಯನ್ನೇ ಮರೆತು ನಿಂತಿದ್ದರು.

ಸರದಿರಾಯರು ಎಲ್ಲರ ಹಿಂದೆ, ಬಾಗಿಲ ಬಳಿ ನಿಂತು ನೋಡಿದರು. ಕನ್ನಡಕವನ್ನು ಎರಡು ಸಲ ಒರೆಸಿದರು, ಧೂಳಿಲ್ಲದ ಕೋಣೆಯಲ್ಲಿ. ಅಕ್ಕನ ಮಗಳು ಜನರ ನಡುವೆ ದಾರಿ ಮಾಡಿಕೊಂಡು ಬಂದು, ಎಲ್ಲರ ಎದುರಿಗೇ ಮಾವನ ತೋಳು ಹಿಡಿದು ಅಲ್ಲಾಡಿಸಿದಳು.

"ಹೇಳು ಮಾವ! ಮುನ್ನೂರು ಕೋಟಿ ವರ್ಷ! ಎರಡು ಗ್ಯಾಲಕ್ಸಿ ಒಂದಾಯ್ತು! ಏನನ್ನಿಸ್ತು ನಿನಗೆ?"

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ರಾಯರು ಅವಳ ಹೆಗಲ ಮೇಲಿಂದ ಪರದೆಯ ಮೂಲೆಯನ್ನು ಒಮ್ಮೆ ಓದಿಕೊಂಡರು.

"ನಾಲ್ಕು ಗಂಟೆ ಆರು ನಿಮಿಷಕ್ಕೆ ಮುಗಿದಿದೆ" ಅಂದರು. "ಒಂಬತ್ತು ನಿಮಿಷ ಜಾಸ್ತಿ ಕೇಳಿದ್ದೀಯ."